ಉದ್ದ ಮೂತಿಯ ಚೆಲುವೆಯೂ ನಮ್ಮ ಮನೆಯ ಡಬ್ಬಿಯೂ

ಹಳೆಯ ಮೋಟಾರು ಕಾರುಗಳ ಮೆರವಣಿಗೆ ನಡೆದ ಮರುವಾರ ನಮ್ಮವರಲ್ಲಿ ಒಂದು ಬಗೆಯ ಜ್ವರ ಏರುವುದನ್ನು ಈ ಮುಂಬಯಿ ಮಹಾನಗರದಲ್ಲಿ ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. ಸಂಘದ ವಾಚನಾಲಯದಲ್ಲಿ ನಾಲ್ವರು ಸೇರಿದರೆ ಸಾಕು, ಸಾಹಿತ್ಯದ ಮಾತು ಬದಿಗೆ ಸರಿದು, ಉದ್ದ ಬಾನೆಟ್ಟಿನ, ಎರಡೇ ಬಾಗಿಲಿನ, ಬೆನ್ನು ಇಳಿಜಾರಾದ ಯಾವುದೋ ಪರದೇಶದ ಸುಂದರಿಯ ಗುಣಗಾನ ಆರಂಭವಾಗುತ್ತದೆ. "ಸ್ವಾಮೀ, ಕಾರು ಎಂದರೆ ಅದು! ಈಗ ರಸ್ತೆಯ ಮೇಲೆ ಓಡುತ್ತಿರುವುದೇನು? ಬೆನ್ನು ಕೊಯ್ದ ಡಬ್ಬಿಗಳು!" ಎಂದು ಒಬ್ಬರು ತೀರ್ಪು ಕೊಡುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸಿದವರಲ್ಲಿ ಮುಕ್ಕಾಲು ಮಂದಿ ಮಾಟುಂಗಕ್ಕೋ ಡೊಂಬಿವಲಿಗೋ ಹಿಂದಿರುಗುವುದು ಅದೇ ಡಬ್ಬಿಯಲ್ಲಿ ಕುಳಿತು. ಉಂಡ ಮನೆಗೆ ಎರಡೆಣಿಸುವ ಈ ಮಾತನ್ನು ಕೇಳಿ ಕೇಳಿ ಸಾಕಾಗಿ ಇಂದು ಲೇಖನಿ ಹಿಡಿದಿದ್ದೇನೆ.

ವಾದ ಹೂಡುವವನು ಎದುರು ಪಕ್ಷದ ಬಡಕಲು ಆಳನ್ನು ಹುಡುಕಿ ಕೆಡವಿ ಗೆದ್ದೆನೆನ್ನುವುದು ಸಲ್ಲದು. ಆದ್ದರಿಂದ ಕೂಪೆಗಳಲ್ಲೆಲ್ಲ ಚೆಲುವೆಯೆಂದು ಲೋಕವೇ ಒಪ್ಪಿರುವ ಜಾಗ್ವಾರ್ ಇ-ಟೈಪನ್ನೇ ಎದುರಿಗೆ ಕರೆಯುತ್ತೇನೆ. 1961ರ ಮಾರ್ಚಿಯಲ್ಲಿ ಜಿನೀವಾದ ಪ್ರದರ್ಶನದಲ್ಲಿ ಮೊದಲು ಮುಖ ತೋರಿದ ಕಾರು ಅದು. ನಮ್ಮ ಡಬ್ಬಿಗಳ ಪರವಾಗಿ ನಿಲ್ಲುವುದು 1976ರಲ್ಲಿ ಜರ್ಮನಿಯ ರಸ್ತೆಗಿಳಿದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿ.ಟಿ.ಐ. ಇವೆರಡರ ನಡುವೆ ಕೇವಲ ಹದಿನೈದು ವರ್ಷ. ಆ ಹದಿನೈದು ವರ್ಷಗಳಲ್ಲಿ ಕಾರು ಯಾರಿಗಾಗಿ ಇರಬೇಕೆಂಬ ಪ್ರಶ್ನೆಗೆ ಉತ್ತರವೇ ಬದಲಾಯಿತು. ಆ ಬದಲಾವಣೆ ಒಳ್ಳೆಯದಕ್ಕೇ ಆಯಿತೆಂಬುದು ನನ್ನ ವಾದ.

ಮೊದಲು ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ಇ-ಟೈಪಿನ ಮೈಮಾಟವನ್ನು ರೂಪಿಸಿದ ಮಾಲ್ಕಂ ಸೇಯರ್ ಮೊದಲು ವಿಮಾನದ ಕಾರ್ಖಾನೆಯಲ್ಲಿ ದುಡಿದವನು. ಗಾಳಿ ಹೇಗೆ ಹರಿಯುತ್ತದೆಂಬುದನ್ನು ಗಣಿತದಿಂದ ಲೆಕ್ಕ ಹಾಕಿ ಗೆರೆ ಎಳೆಯುತ್ತಿದ್ದವನು. 1955ರಿಂದ ಮೂರು ವರ್ಷ ಸತತವಾಗಿ ಲಮಾನ್ಸ್ ಪಂದ್ಯ ಗೆದ್ದ ಡಿ-ಟೈಪೂ ಅವನದೇ ಲೆಕ್ಕದ ಕೂಸು. 3.8 ಲೀಟರಿನ ಆರು ಸಿಲಿಂಡರಿನ ಎಂಜಿನ್, 265 ಅಶ್ವಶಕ್ತಿ, ಗಂಟೆಗೆ 150 ಮೈಲಿ, ಎಂದರೆ ಸುಮಾರು 240 ಕಿಲೋಮೀಟರ್ ವೇಗವೆಂಬ ಘೋಷಣೆ. ಇಷ್ಟಾಗಿಯೂ ಬೆಲೆ ತೆರಿಗೆ ಸೇರಿ ಎರಡು ಸಾವಿರದ ಚಿಲ್ಲರೆ ಪೌಂಡು. ಅಂದಿನ ಆಸ್ಟನ್ ಮಾರ್ಟಿನ್‌ಗೆ ಹೋಲಿಸಿದರೆ ಅರ್ಧ ಬೆಲೆಯೆನ್ನಬಹುದು. ಇದು ದೊಡ್ಡ ಸಾಧನೆಯೆಂಬುದು ನಿರ್ವಿವಾದ. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದವರು 1996ರಲ್ಲಿ ಇದರ ತೆರೆದ ಮಾದರಿಯೊಂದನ್ನು ತಮ್ಮ ಸಂಗ್ರಹಕ್ಕೆ ಸೇರಿಸಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಶಿಲಾಬಾಲಿಕೆಯನ್ನು ನೋಡಬೇಕೆಂದರೆ ಬೇಲೂರಿಗೆ ಹೋಗುತ್ತೇವೆ. ಆಕೆ ಮನೆಗೆ ಬಂದು ನೀರು ಸೇದಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ಇ-ಟೈಪು ಹಾಗೆ ನಿಂತಿರುವವರೆಗೆ ನನ್ನದೇನೂ ತಕರಾರಿಲ್ಲ. ಅದನ್ನು ಅಳತೆಗೋಲಾಗಿ ಹಿಡಿದು ನಮ್ಮ ಡಬ್ಬಿಯ ತಲೆಗೆ ಬಡಿಯುವಾಗ ಮಾತ್ರ ಅದರ ಬಾನೆಟ್ಟು ಎತ್ತಿ ನೋಡಲೇಬೇಕಾಗುತ್ತದೆ.

ಬಾನೆಟ್ಟಿನಿಂದಲೇ ಶುರುವಾಗಲಿ. ನಾಲ್ಕು ಮೀಟರ್ ನಲವತ್ತೈದು ಸೆಂಟಿಮೀಟರ್ ಉದ್ದದ ಈ ಕಾರಿನಲ್ಲಿ ಹತ್ತಿರ ಹತ್ತಿರ ಅರ್ಧವೇ ಮೂತಿ. ಆ ಮೂತಿಯ ಹಿಂದೆ ಇಬ್ಬರು ಕಾಲು ಚಾಚಿ ಕೂರುವ ಎಡೆ. ಇಬ್ಬರೇ. ಮೂರನೆಯವರಿಗೆ ಜಾಗವಿಲ್ಲ. ಮೊದಮೊದಲ ಕಾರುಗಳಲ್ಲಿ ಆ ಇಬ್ಬರಿಗೂ ಸುಖವಿರಲಿಲ್ಲ. ತಳ ಸಪಾಟಾಗಿದ್ದು ಹಿಮ್ಮಡಿ ಇಳಿಸಲು ಸ್ಥಳವಿಲ್ಲದೆ ಎತ್ತರದ ಆಳುಗಳು ಗೊಣಗಿದ್ದರಿಂದ ಕಂಪೆನಿ ಬಲುಬೇಗ ತಳದಲ್ಲಿ ತಗ್ಗು ಮಾಡಿಕೊಡಬೇಕಾಯಿತು. ಗೇರುಪೆಟ್ಟಿಗೆ ಹಳೆಯ ಕಾಲದ್ದು. ಮೊದಲ ಗೇರಿಗೆ ಹಲ್ಲು ಹೊಂದಿಸುವ ಸಿಂಕ್ರೋಮೆಶ್ ಇಲ್ಲದೆ ಕಾರು ಪೂರ್ತಿ ನಿಲ್ಲದೆ ಆ ಗೇರಿಗೆ ಹಾಕಿದರೆ ಕರಕರ ಸದ್ದು. ಬ್ರೇಕು, ಸೀಟು, ಗೇರು ಈ ಮೂರರ ಬಗೆಗೂ ದೂರುಗಳು ಬಂದು, 1964ರ 4.2 ಲೀಟರ್ ಮಾದರಿಯಲ್ಲಿ ಅವನ್ನೆಲ್ಲ ತಿದ್ದಿದರು. ಊರೊಳಗೆ ನಿಂತು ನಿಂತು ಸಾಗುವಾಗ ಎಂಜಿನ್ ಕಾವೇರುವ ಚಾಳಿಯಂತೂ ಪ್ರಸಿದ್ಧವಾದದ್ದೇ. ದಾದರಿನ ಸಂಜೆಯ ಟ್ರಾಫಿಕ್ಕಿನಲ್ಲಿ ಅದರ ಗತಿಯೇನಾದೀತೆಂದು ಓದುಗರೇ ಊಹಿಸಿಕೊಳ್ಳಲಿ.

"ಕ್ರೀಡಾ ಕಾರಿಗೆ ಸಂಸಾರದ ಲೆಕ್ಕವೇಕೆ?" ಎಂದು ರಸಿಕ ಮಹಾಶಯರು ಕೇಳಬಹುದು. ಇದಕ್ಕೆ ಉತ್ತರವನ್ನು ಜಾಗ್ವಾರ್ ಕಂಪೆನಿಯೇ ಕೊಟ್ಟಿದೆ. 1966ರಲ್ಲಿ ಅವರು ಇದೇ ಕಾರನ್ನು ಒಂಬತ್ತು ಅಂಗುಲ ಹಿಗ್ಗಿಸಿ, ಮಾಡು ಎತ್ತರಿಸಿ, ಹಿಂದೆ ಎರಡು ಪುಟ್ಟ ಸೀಟು ತುರುಕಿ ಮಾರಾಟಕ್ಕೆ ಬಿಟ್ಟರು. ಕೊಂಡವರಿಗೆ ಮದುವೆಯಾಗಿ ಮಕ್ಕಳಾಗಿದ್ದವು! ಆ ಹಿಗ್ಗಿಸಿದ ಮಾದರಿಯನ್ನು ಕಂಡರೆ ಇಂದಿಗೂ ಅಭಿಮಾನಿಗಳು ಮುಖ ಸಿಂಡರಿಸುತ್ತಾರೆ. ಎರಡು ಮಕ್ಕಳು ಕುಳಿತೊಡನೆ ಕೆಟ್ಟುಹೋಗುವ ಸೌಂದರ್ಯ ಅದು. ಹೆಂಡತಿ ಬಸುರಿಯಾದೊಡನೆ ಮನೆಗೆ ಬಾರದ ನೆಂಟನಿದ್ದ ಹಾಗೆ.

ವೇಗದ ಮಾತು. 150 ಮೈಲಿ ಎಂಬ ಆ ಪ್ರಸಿದ್ಧ ಅಂಕಿ ಪತ್ರಿಕೆಯವರ ಪರೀಕ್ಷೆಗೆಂದು ವಿಶೇಷವಾಗಿ ಸಿದ್ಧಪಡಿಸಿ ಕೊಟ್ಟ ಕಾರಿನಿಂದ ಬಂದದ್ದು. ಅಂಗಡಿಯಲ್ಲಿ ಕೊಂಡವನ ಕಾರು ಅಲ್ಲಿಗೆ ಮುಟ್ಟುವುದು ಕಷ್ಟವಿತ್ತು. ಹೋಗಲಿ, ಮುಟ್ಟಿತೆಂದೇ ಇಟ್ಟುಕೊಳ್ಳೋಣ. 1965ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರಕಾರ ಗಂಟೆಗೆ 70 ಮೈಲಿಯ ಮಿತಿ ವಿಧಿಸಿ, 1967ರಲ್ಲಿ ಅದನ್ನು ಕಾಯಂ ಮಾಡಿತು. ಅಲ್ಲಿಂದಾಚೆಗೆ ಮಿಕ್ಕ 80 ಮೈಲಿ ಬರಿಯ ಬಾಯಿಮಾತು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲದ ಕೊಳಾಯಿ ತಿರುಗಿಸಿದಾಗ, ಲೀಟರಿಗೆ ಆರೇಳು ಕಿಲೋಮೀಟರ್ ಓಡುವ ಸುಂದರಿಯ ಕಾಲ ಮುಗಿಯಿತು. ಹನ್ನೆರಡು ಸಿಲಿಂಡರುಗಳ ದೈತ್ಯ ಎಂಜಿನ್ನನ್ನು ತಲೆಯಲ್ಲಿ ಹೊತ್ತುಕೊಂಡಿದ್ದ ಇ-ಟೈಪಿನ ಉತ್ಪಾದನೆ 1974ರಲ್ಲಿ ನಿಂತಿತು.

ಅದೇ 1974ರಲ್ಲಿ ಗಾಲ್ಫ್ ಹುಟ್ಟಿತು. ಇದೊಂದು ಕಾಕತಾಳೀಯ, ಆದರೆ ನನ್ನ ಕೆಲಸಕ್ಕೆ ಬರುವ ಕಾಕತಾಳೀಯ.

ಫೋಕ್ಸ್‌ವ್ಯಾಗನ್ ಆಗ ಮುಳುಗುವ ಹಂತದಲ್ಲಿತ್ತು. ಮೂವತ್ತು ವರ್ಷ ಒಂದೇ ಬೀಟಲ್ ಕಾರನ್ನು ಮಾರಿ ಬದುಕಿದ ಕಂಪೆನಿ ನಷ್ಟದ ಲೆಕ್ಕ ಬರೆಯುತ್ತಿತ್ತು. ಇಟಲಿಯ ಜುಜಾರೋ ಬಿಡಿಸಿಕೊಟ್ಟ ಕೋನಾಕೃತಿಯ ಗಾಲ್ಫ್ ಅದನ್ನು ಬದುಕಿಸಿತು. ಅದೇ ವೇಳೆಗೆ ಅಲ್ಲಿನ ಕೆಲವು ಎಂಜಿನಿಯರುಗಳು ಮೇಲಿನವರ ಆಜ್ಞೆಯಿಲ್ಲದೆ, ಕಚೇರಿಯ ವೇಳೆಯ ಹೊರಗೆ, ಈ ಡಬ್ಬಿಗೆ ಜೀವ ತುಂಬುವ ಕೆಲಸಕ್ಕೆ ಕೈ ಹಾಕಿದರು. ಆಡಳಿತವರ್ಗ ಅಳುಕುತ್ತಲೇ ಒಪ್ಪಿತು. ಐದು ಸಾವಿರ ಕಾರು ಮಾರಿದರೆ ಸಾಕೆಂಬುದು ಅವರ ಅಂದಾಜು. ಆ ಮೊದಲ ತಲೆಮಾರಿನ ಜಿ.ಟಿ.ಐ. ಮಾರಾಟವಾದದ್ದು ನಾಲ್ಕು ಲಕ್ಷ ಅರುವತ್ತು ಸಾವಿರಕ್ಕೂ ಮಿಕ್ಕಿ. ಇ-ಟೈಪು ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ಕಂಡದ್ದು ಎಪ್ಪತ್ತೆರಡು ಸಾವಿರದಷ್ಟು. ಸಂಖ್ಯೆಯೇ ಗುಣವಲ್ಲ, ಒಪ್ಪಿದೆ. ಹಾಗೆ ಹೇಳುವವರು ಮಾತ್ರ ಕಡಿಮೆ ಸಂಖ್ಯೆಯನ್ನೇ ಗುಣವೆಂದು ಸಾಧಿಸಬಾರದು. "ಎಷ್ಟು ಅಪರೂಪ ಗೊತ್ತೇ?" ಎನ್ನುವುದು ಅವರ ಕಡೆಯ ಅಸ್ತ್ರವಲ್ಲವೇ!

ಈಗ ಯಂತ್ರದ ವಿಷಯಕ್ಕೆ ಬರೋಣ. ನಿಜವಾದ ಜಾಣತನ ಇರುವುದು ಅಲ್ಲಿಯೇ. ಜಾಗ್ವಾರಿನಲ್ಲಿ ಎಂಜಿನ್ನನ್ನು ಉದ್ದುದ್ದಕ್ಕೆ ಮಲಗಿಸಿ, ಅದರ ಹಿಂದೆ ಗೇರುಪೆಟ್ಟಿಗೆ, ಅದರ ಹಿಂದೆ ಕಾರಿನ ಹೊಟ್ಟೆಯಡಿಯಲ್ಲಿ ಹಾಯುವ ದಂಡ, ಅದರ ಕೊನೆಗೆ ಹಿಂದಿನ ಚಕ್ರ. ಶಕ್ತಿ ಹುಟ್ಟುವುದು ಊರ ಮುಂದೆ, ಅದು ದುಡಿಯುವುದು ಊರ ಹಿಂದೆ. ನಡುವಿನ ಜಾಗವೆಲ್ಲ ಈ ಸಾಗಾಟಕ್ಕೇ ಮೀಸಲು. ಮನುಷ್ಯರು ಉಳಿದ ಸಂದಿಗೊಂದಿಯಲ್ಲಿ ತೂರಿಕೊಳ್ಳಬೇಕು. 1959ರಲ್ಲಿ ಅಲೆಕ್ ಇಸಿಗೋನಿಸ್ ತನ್ನ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡಕ್ಕೆ ತಿರುಗಿಸಿ ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟ. ಕೇವಲ ಹತ್ತಡಿ ಉದ್ದದ ಗಾಡಿಯಲ್ಲಿ ನಾಲ್ವರು ಕೂತರು. ಐದು ವರ್ಷಗಳ ಬಳಿಕ ಇಟಲಿಯ ದಾಂತೆ ಜಕೋಸಾ ಆಟೋಬ್ಯಾಂಕಿ ಪ್ರಿಮುಲಾದಲ್ಲಿ ಗೇರುಪೆಟ್ಟಿಗೆಯನ್ನು ಎಂಜಿನ್ನಿನ ಪಕ್ಕಕ್ಕೇ ಜೋಡಿಸಿ, ಒಂದು ಗಿಡ್ಡ ಒಂದು ಉದ್ದ ದಂಡಗಳಿಂದ ಎರಡು ಚಕ್ರ ತಿರುಗಿಸಿದ. ನಾವಿಂದು ಓಡಿಸುವ ಪೆಟ್ರೋಲಿನ ಸಣ್ಣ ಕಾರುಗಳಲ್ಲಿ ಬಹುತೇಕ ಎಲ್ಲವೂ ಜಕೋಸಾನ ಆ ಜೋಡಣೆಯನ್ನೇ ಅನುಸರಿಸುತ್ತವೆ. ಗಾಲ್ಫ್ ಕೂಡ ಅದೇ ಒಕ್ಕಲು.

ಇದರಿಂದಾದ ಲಾಭವನ್ನು ಲೆಕ್ಕ ಹಾಕಿರಿ. ಗಾಲ್ಫ್ ಜಿ.ಟಿ.ಐ. ಇ-ಟೈಪಿಗಿಂತ ಸುಮಾರು ಎಪ್ಪತ್ತೈದು ಸೆಂಟಿಮೀಟರ್ ಗಿಡ್ಡ; ಹತ್ತಿರ ಹತ್ತಿರ ಎರಡೂವರೆ ಅಡಿ. ತೂಕ 810 ಕಿಲೋ, ಅದರ ಮೂರನೆಯ ಎರಡು ಪಾಲಿನಷ್ಟು. ಒಳಗೆ ನಾಲ್ವರು ದೊಡ್ಡವರು ಧಾರಾಳವಾಗಿ ಕೂರಬಹುದು, ಮಗುವೊಂದಿದ್ದರೆ ಐವರು. ಎಂಜಿನ್ ಬರಿಯ 1.6 ಲೀಟರ್, ಆದರೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಬಾಷ್ ಕಂಪೆನಿಯ ಸಲಕರಣೆಯಿಂದಾಗಿ 110 ಅಶ್ವಶಕ್ತಿ. ಗಂಟೆಗೆ 182 ಕಿಲೋಮೀಟರ್ ಓಟ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಒಂಬತ್ತು ಸೆಕೆಂಡು ಚಿಲ್ಲರೆ. ಜಾಗ್ವಾರು ಇದರಲ್ಲಿ ಒಂದೆರಡು ಸೆಕೆಂಡು ಮುಂದೆ. ಆ ಎರಡು ಸೆಕೆಂಡಿಗಾಗಿ ಎರಡು ಪಟ್ಟಿಗಿಂತ ದೊಡ್ಡ ಎಂಜಿನ್, ಹೆಚ್ಚು ಕಡಿಮೆ ಎರಡು ಪಟ್ಟು ಪೆಟ್ರೋಲು, ಅರ್ಧದಷ್ಟು ಜನ! ಯಾವ ಅಂಗಡಿಯ ಲೆಕ್ಕಿಗನೂ ಇದನ್ನು ಲಾಭವೆಂದು ಬರೆಯಲಾರ.

ಇನ್ನು ತಿರುವು ಮುರುವಿನ ಮಳೆಯ ದಾರಿಯಲ್ಲಿ, ಭಾರವೆಲ್ಲ ಎಳೆಯುವ ಚಕ್ರಗಳ ಮೇಲೇ ಕೂತಿರುವ ಈ ಹಗುರ ಗಾಡಿ ಎಷ್ಟು ಚುರುಕೆಂಬುದನ್ನು ಬಲ್ಲವರು ಬಲ್ಲರು. ಹಿಮ ಬಿದ್ದ ಘಟ್ಟದ ರಸ್ತೆಗಳ ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದದ್ದು ಪುಟಾಣಿ ಮಿನಿ ಕೂಪರ್. ದೊಡ್ಡ ಬಾನೆಟ್ಟಿನವರು ಹಿಂದೆ ಉಳಿದರು. ಮಿನಿಗೆ ಹಿಂಬಾಗಿಲಿರಲಿಲ್ಲವೆಂಬುದು ನಿಜ. ಆದರೆ ದಾರಿ ತೋರಿಸಿದ ಅಣ್ಣ ಅದೇ.

ಹಿಂಬಾಗಿಲೆಂದ ಕೂಡಲೆ ನಮ್ಮ ರಸಿಕರಿಗೆ ನೆನಪು ಮಾಡಿಕೊಡಬೇಕಾದ ಒಂದು ಸಂಗತಿ ಇದೆ. ಡಬ್ಬಿಗೆ ಅವರು ಹಚ್ಚುವ ಕಳಂಕವೇ ಬೆನ್ನು ಕೊಯ್ದದ್ದು, ಹಿಂದೆ ಬಾಗಿಲಿಟ್ಟದ್ದು. ಇ-ಟೈಪ್ ಕೂಪೆಯ ಹಿಂದೆ ಏನಿದೆಯೆಂದು ಯಾರಾದರೂ ನೋಡಿದ್ದೀರಾ? ಅಲ್ಲಿಯೂ ಬಾಗಿಲೇ! ಪಕ್ಕಕ್ಕೆ ಬೀರುವಿನ ಹಾಗೆ ತೆರೆಯುವ ಗಾಜಿನ ಬಾಗಿಲು, ಅದರೊಳಗೆ ಸಾಮಾನಿಡಲು ಸಪಾಟು ಹಾಸು. ಆ ಇಳಿಜಾರು ಬೆನ್ನನ್ನು ಕಾರ್ಖಾನೆಯ ಕುಶಲಕರ್ಮಿ ಬಾಬ್ ಬ್ಲೇಕ್ ಕಬ್ಬಿಣದ ಸರಳು ಬಗ್ಗಿಸಿ ಕಟ್ಟಿ ತೋರಿಸಿದಾಗ ಮಾಲೀಕ ಸರ್ ವಿಲಿಯಂ ಲಯನ್ಸ್ ಮೆಚ್ಚಿ ಒಪ್ಪಿದನಂತೆ. ಹ್ಯಾಚ್‌ಬ್ಯಾಕ್ ಎಂಬ ಹೆಸರು ಜನರ ಬಾಯಿಗೆ ಬರುವ ಮುನ್ನವೇ ಈ ಚೆಲುವೆಗೆ ಹಿಂಬಾಗಿಲಿತ್ತು. ಅದೇ 1961ರಲ್ಲಿ ಫ್ರಾನ್ಸಿನಲ್ಲಿ ರೆನೋ 4 ಎಂಬ ರೈತಾಪಿ ಗಾಡಿ ಹೊರಬಂತು. ಮೊಟ್ಟೆ, ತರಕಾರಿ, ಆಡು ಎಲ್ಲವನ್ನೂ ತುಂಬಲು ಹಿಂದೆ ದೊಡ್ಡ ಬಾಗಿಲು. ಎಂಬತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಒಂದೇ ವರ್ಷ, ಒಂದೇ ಉಪಾಯ. ಒಂದನ್ನು ಕಲೆಯೆಂದರು, ಇನ್ನೊಂದನ್ನು ಡಬ್ಬಿಯೆಂದರು. ಇಂಗ್ಲೆಂಡಿನ ನಡುವರ್ಗದವರ ಮುದ್ದಿನ ಕೂಪೆ ಫೋರ್ಡ್ ಕ್ಯಾಪ್ರಿ ಕೂಡ 1974ರ ಎರಡನೆಯ ಅವತಾರದಲ್ಲಿ ಹಿಂಬಾಗಿಲು ಕೂಡಿಸಿಕೊಂಡೇ ಮಾರುಕಟ್ಟೆಯಲ್ಲಿ ಉಳಿಯಿತು.

"ಆದರೂ ಚೆಲುವಿಲ್ಲವಲ್ಲ!" ಎಂಬ ಕೊರಗು ಉಳಿಯುತ್ತದೆ. ನನಗೆ ಇದು ಅರ್ಥವಾಗುವುದಿಲ್ಲ. ಗಾಲ್ಫಿನ ಗೆರೆಗಳನ್ನು ಒಮ್ಮೆ ನಿಧಾನವಾಗಿ ನೋಡಿರಿ: ಹಿಂಬದಿಯ ದಪ್ಪ ಕಂಬ, ಗಾಜಿನ ಓರೆ, ಮುಖದ ಸುತ್ತ ಕೆಂಪು ಪಟ್ಟಿ. ಒಂದು ಗೆರೆಯೂ ಸೋಮಾರಿಯಾಗಿ ಕೂತಿಲ್ಲ. ಒಳಗೆ ಚೌಕಳಿ ಬಟ್ಟೆಯ ಸೀಟು, ಗೇರಿನ ತುದಿಗೆ ಗಾಲ್ಫ್ ಚೆಂಡಿನಂಥ ಗುಂಡು. ಇವೆರಡೂ ಗುನ್‌ಹಿಲ್ಡ್ ಲಿಲಿಯಕ್ವಿಸ್ಟ್ ಎಂಬ ಮಹಿಳೆಯ ಕಲ್ಪನೆ. ಗಂಡಸರ ಆಟಿಕೆಯೆಂದು ಎಲ್ಲರೂ ತಿಳಿದಿದ್ದ ಕಾರಿನೊಳಗೆ ಅಷ್ಟು ಲವಲವಿಕೆಯ ಕುಶಾಲು ತಂದವಳು ಆಕೆ. ತೇರಿನ ಕಳಶ ಚೆಂದವೇ. ಹಾಗೆಂದು ಸೊಗಸಾಗಿ ಹೆಣೆದ ಮೊರ ಚೆಂದವಲ್ಲವೆನ್ನುವವನ ಕಣ್ಣಿನಲ್ಲಿ ಏನೋ ದೋಷವಿರಬೇಕು.

ಈಗ ನಮ್ಮ ಮನೆಗೆ ಬರೋಣ. ಈ ದೇಶದಲ್ಲಿ ಎರಡು ಬಾಗಿಲಿನ ಮೋಹಕ್ಕೆ ಸಂಸಾರಸ್ಥರು ಮೊದಲಿನಿಂದಲೂ ಸೊಪ್ಪು ಹಾಕಿದವರಲ್ಲ. ಮದರಾಸಿನಲ್ಲಿ 1961ರಲ್ಲಿಯೇ ತಯಾರಾಗತೊಡಗಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಎರಡು ಬಾಗಿಲಿನ ಅಂದದ ಗಾಡಿ. ಚೆನ್ನೈಯ ಹಿರಿಯ ಕನ್ನಡಿಗರಿಗೆ ನೆನಪಿರಬೇಕು. ಅರುವತ್ತರ ದಶಕ ಮುಗಿಯುವ ವೇಳೆಗೆ ಅದಕ್ಕೆ ಇಲ್ಲಿ ನಾಲ್ಕು ಬಾಗಿಲು ಇಡಲೇಬೇಕಾಯಿತು. ನಮ್ಮ ಬೆಂಗಳೂರಿನ ಸಿಪಾನಿಯವರು 1982ರ ಸುಮಾರಿಗೆ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರು ತಂದರು. ಚುರುಕಾಗಿಯೇ ಇತ್ತು. ಎರಡೇ ಬಾಗಿಲು! ಸೀರೆಯುಟ್ಟ ಅಜ್ಜಿ ಮುಂದಿನ ಸೀಟು ಮಡಚಿ ಹಿಂದಕ್ಕೆ ತೂರುವುದೆಂದರೇನು? ಕೆಲವೇ ವರ್ಷಗಳಲ್ಲಿ ಅದಕ್ಕೂ ನಾಲ್ಕು ಬಾಗಿಲಿಟ್ಟು ಮೊಂಟಾನಾ ಎಂದು ಹೆಸರಿಟ್ಟರು. ಅಷ್ಟರಲ್ಲಿ ಮಾರುತಿ ಬಂದಾಗಿತ್ತು.

1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಮಾರುತಿ 800ರ ಬೀಗದಕೈ ಕೈಬದಲಾಯಿತು. ಮೂರು ಸಿಲಿಂಡರು, 796 ಸಿ.ಸಿ.; ಮೂರೂಕಾಲು ಮೀಟರಿನ ಆಸುಪಾಸು ಉದ್ದ; ನಾಲ್ಕು ಬಾಗಿಲು, ಜೊತೆಗೆ ಹಿಂಬಾಗಿಲು. 2014ರಲ್ಲಿ ಉತ್ಪಾದನೆ ನಿಲ್ಲುವವರೆಗೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಸೇರಿತು. ಅಲ್ಲಿಯತನಕ ಹೊರನಾಡಿನ ಕನ್ನಡಿಗ ಗುಮಾಸ್ತ ಊರಿಗೆ ಹೋಗುವುದೆಂದರೆ ಎರಡು ತಿಂಗಳು ಮೊದಲೇ ರೈಲಿನ ಸಾಲಿನಲ್ಲಿ ನಿಲ್ಲಬೇಕಿತ್ತು. ಇಲ್ಲವೇ ಬಸ್ಸಿನಲ್ಲಿ ಇಡೀ ರಾತ್ರಿ ಜೋಲಿ ಹೊಡೆಯಬೇಕಿತ್ತು. ಮಾರುತಿ ಬಂದ ಮೇಲೆ ಪುಣೆ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಗೆ, ಅಥವಾ ಚಿಪಳೂಣ, ಸಾವಂತವಾಡಿ ಹಾದು ಕಾರವಾರ, ಉಡುಪಿಗೆ ಮನೆಮಂದಿಯೆಲ್ಲ ಹೊರಟರು. ಹೋಗುವಾಗ ಹಿಂದೆ ಮಕ್ಕಳ ಬಟ್ಟೆ. ಬರುವಾಗ ಅಕ್ಕಿ, ತೆಂಗಿನಕಾಯಿ, ಹಪ್ಪಳದ ಕಟ್ಟು, ಮಿಡಿ ಉಪ್ಪಿನಕಾಯಿಯ ಭರಣಿ. ಹಿಂದಿನ ಸೀಟು ಮಡಚಿದರೆ ತಂಗಿಯ ಮದುವೆಯ ಪಾತ್ರೆಯೂ ಹಿಡಿಯುತ್ತಿತ್ತು. ಇದನ್ನು ಸಾಧಿಸಿದ್ದು ಮೋಟಾರಿನ ಬಲವಲ್ಲ, ಆ ಹೀಗಳೆಯಲ್ಪಟ್ಟ ಹಿಂಬಾಗಿಲು ಮತ್ತು ಮಡಚುವ ಸೀಟು. ಇದರ ಬೆಲೆ ಗೊತ್ತಾಗಬೇಕಾದರೆ 2008ರಲ್ಲಿ ಪ್ರದರ್ಶನಕ್ಕೆ ಬಂದ ಟಾಟಾ ನ್ಯಾನೋವನ್ನು ನೆನೆಯಿರಿ. ನೋಟಕ್ಕೆ ಹ್ಯಾಚ್‌ಬ್ಯಾಕ್, ಹಿಂಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಖರ್ಚುಳಿಸಲು ಮುಚ್ಚಿಬಿಟ್ಟಿದ್ದರು. 2015ರಲ್ಲಿ ಅದು ತೆರೆಯುವ ಹೊತ್ತಿಗೆ ಕೊಳ್ಳುವವರು ಮನಸ್ಸು ಮುರಿದುಕೊಂಡಿದ್ದರು. ವಿಚಿತ್ರವೆಂದರೆ ಅದೇ 2008ರಲ್ಲಿ ಅದೇ ಟಾಟಾದವರು ಜಾಗ್ವಾರ್ ಕಂಪೆನಿಯನ್ನೂ ಕೊಂಡರು.

ನನ್ನ ಪಕ್ಷದಲ್ಲಿ ಕುಂದಿಲ್ಲವೆಂದು ಹೇಳುತ್ತಿಲ್ಲ. 2014ರ ಜನವರಿಯಲ್ಲಿ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿದ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಐದಕ್ಕೂ ಸೊನ್ನೆ ಕೊಟ್ಟಿತು. "ನೋಡಿದಿರಾ, ತಗಡಿನ ಡಬ್ಬಿ!" ಎಂದು ಕೂಗೆದ್ದಿತು. ಆದರೆ ಅದೇ ಪರೀಕ್ಷೆಯಲ್ಲಿ ಫೋಕ್ಸ್‌ವ್ಯಾಗನ್ ಪೋಲೊಗೆ ಎರಡು ಗಾಳಿಚೀಲ ಇಟ್ಟು ಗುದ್ದಿಸಿದಾಗ ನಾಲ್ಕು ನಕ್ಷತ್ರ ಬಂದವು. 2020ರಲ್ಲಿ ಟಾಟಾ ಆಲ್ಟ್ರೋಜ್ ಐದಕ್ಕೆ ಐದು ಪಡೆಯಿತು, ಅದೂ ಹ್ಯಾಚ್‌ಬ್ಯಾಕೇ. ತಪ್ಪು ಆಕಾರದ್ದಲ್ಲ, ಕಾಸು ಉಳಿಸಿದ ಕಂಪೆನಿಗಳದು, ಕಣ್ಣು ಮುಚ್ಚಿದ್ದ ಕಾನೂನಿನದು. ಇನ್ನೊಂದು ಕುಂದು ನನ್ನನ್ನೇ ಚುಚ್ಚುವಂಥದು. 2025ರ ಮೇ ತಿಂಗಳಲ್ಲಿ ಗಾಲ್ಫ್ ಜಿ.ಟಿ.ಐ. ಕೊನೆಗೂ ಭಾರತಕ್ಕೆ ಬಂತು. ಬೆಲೆ ಸುಮಾರು 53 ಲಕ್ಷ ರೂಪಾಯಿ! ಜನಸಾಮಾನ್ಯನ ಡಬ್ಬಿಯೆಂದು ಹುಟ್ಟಿದ್ದು ಇಲ್ಲಿ ಶ್ರೀಮಂತನ ಬೆರಳಿನುಂಗುರವಾಯಿತು. ಇದನ್ನು ಸಮರ್ಥಿಸಲು ನನ್ನಿಂದಾಗದು. ಜಿ.ಟಿ.ಐ.ಯ ಪಾಠವನ್ನು ಮರೆತು ಅದರ ಹೆಸರನ್ನಷ್ಟೇ ಮಾರುವ ವ್ಯಾಪಾರ ಅದು.

ಆದರೆ ಈ ಲೇಖನವನ್ನು ಬರೆಯಲು ನಿಜವಾದ ಕಾರಣ ಬೇರೆಯೇ ಇದೆ. ಜಾಗ್ವಾರನ್ನು ಹೊಗಳಿದರೆ ಯಾರಿಗೂ ನಷ್ಟವಿಲ್ಲ; ನಮ್ಮಲ್ಲಿ ಯಾರೂ ಅದನ್ನು ಕೊಳ್ಳುವವರಲ್ಲ. ಆದರೆ ಆ ಹೊಗಳಿಕೆಯ ಬೆನ್ನಿಗೆ ಬರುವ ತಾತ್ಸಾರ ನಮ್ಮ ಮಕ್ಕಳ ಕಿವಿಗೆ ಬೀಳುತ್ತದೆ. ಡಬ್ಬಿಯಲ್ಲಿ ಓಡಾಡುವುದು ಕೀಳೆಂದು ಕಲಿತ ಮಗ ಕೆಲಸ ಸಿಕ್ಕಿದ ಮೊದಲ ವರ್ಷವೇ ಏಳು ವರ್ಷದ ಸಾಲ ಮಾಡಿ ಎದೆಯೆತ್ತರದ ಬಾನೆಟ್ಟಿನ ವಾಹನ ತರುತ್ತಾನೆ. ಹತ್ತು ವರ್ಷಗಳ ಹಿಂದೆ ಈ ದೇಶದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಸುಮಾರು ಅರ್ಧದಷ್ಟಿದ್ದ ಹ್ಯಾಚ್‌ಬ್ಯಾಕಿನ ಪಾಲು ಈಚಿನ ವರ್ಷಗಳಲ್ಲಿ ಕಾಲುಭಾಗದ ಹತ್ತಿರ ಇಳಿದಿದೆ. ಯೂರೋಪಿನಲ್ಲಿ ಫೋರ್ಡಿನವರು 2023ರ ಜುಲೈಯಲ್ಲಿ ಫಿಯೆಸ್ಟಾವನ್ನೇ ನಿಲ್ಲಿಸಿದರು. ಪುಣೆಯ ಹತ್ತಿರದ ಚಾಕಣದಲ್ಲಿ ತಯಾರಾಗುತ್ತಿದ್ದ ಪೋಲೊ 2022ರಲ್ಲಿಯೇ ಹೋಯಿತು. ಉದ್ದ ಮೂತಿಯ ಮೋಹ ಎತ್ತರ ಮೂತಿಯ ಮೋಹವಾಗಿ ಮರಳಿ ಬಂದಿದೆ, ಅಷ್ಟೆ. ಬಾನೆಟ್ಟಿನ ಅಳತೆಯಿಂದ ಮನುಷ್ಯನನ್ನು ಅಳೆಯುವ ಹಳೆಯ ಚಾಳಿ.

ಇದರಲ್ಲಿ ನಗುವಂಥ ಅಂಶವೂ ಉಂಟು. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ನಿನ ಕಾರಿಗೆ ತೆರಿಗೆ ಇಳಿಸಿದಾಗಿನಿಂದ ಇಲ್ಲಿಯ ಕಂಪೆನಿಗಳು ಆ ಗೆರೆಯೊಳಗೇ ಎಲ್ಲವನ್ನೂ ಕತ್ತರಿಸುತ್ತಿವೆ. ಇಂದು ಹೆಮ್ಮೆಯಿಂದ ಎಸ್.ಯು.ವಿ. ಎಂದು ಕೊಳ್ಳುವ ಗಾಡಿಗಳಲ್ಲಿ ಬಹಳಷ್ಟು ಆ ನಾಲ್ಕು ಮೀಟರಿನವೇ; ಅಡ್ಡ ಎಂಜಿನ್, ಮುಂಚಕ್ರದ ಎಳೆತ, ಮಡಚುವ ಸೀಟು, ಹಿಂಬಾಗಿಲು. ಅದೇ ಡಬ್ಬಿಯನ್ನು ಮರಗಾಲಿನ ಮೇಲೆ ನಿಲ್ಲಿಸಿ, ಕೆಳಗೆ ಕಪ್ಪು ಪ್ಲಾಸ್ಟಿಕ್ಕಿನ ಅಂಚು ಹೊಲಿದು, ಎರಡು ಮೂರು ಲಕ್ಷ ಹೆಚ್ಚಿಗೆ ವಸೂಲು ಮಾಡುತ್ತಾರೆ. ಎತ್ತರದ ಮೆಟ್ಟಿಲೇರಲಾರದ ಅಜ್ಜಿ ಮತ್ತೆ ಮನೆಯಲ್ಲೇ ಉಳಿಯುತ್ತಾರೆ. ಚಾಳಿನ ಓಣಿಯಲ್ಲಿ, ಸೊಸೈಟಿಯ ಅಂಗಳದಲ್ಲಿ ನಿಲ್ಲಿಸಲು ಜಾಗಕ್ಕಾಗಿ ನೆರೆಹೊರೆಯವರ ಜಗಳ ಸಭೆಯ ಮೆಟ್ಟಿಲೇರುತ್ತದೆ. ಮೂರೂಕಾಲು ಮೀಟರಿನ ಮಾರುತಿ ಇದ್ದಾಗ ಈ ಜಗಳಗಳು ಇಷ್ಟಿರಲಿಲ್ಲ.

ಹೊಸ ಕಾರು ಕೊಳ್ಳಲು ಹೊರಟ ಬಾಂಧವರಿಗೆ ಆದ್ದರಿಂದ ನನ್ನ ಸಲಹೆ ನೇರವಾದದ್ದು. ನಿಮಗೆ ಬೇಕಾದಷ್ಟು ಗಾಳಿಚೀಲಗಳಿರುವ, ಪರೀಕ್ಷೆಯಲ್ಲಿ ಒಳ್ಳೆಯ ನಕ್ಷತ್ರ ಪಡೆದ ಹ್ಯಾಚ್‌ಬ್ಯಾಕನ್ನೇ ಕೊಳ್ಳಿರಿ. ಅಂಗಡಿಯವನು ಎತ್ತರದ್ದನ್ನು ತೋರಿಸಿದರೆ ಮನೆಯ ಅತಿ ಹಿರಿಯರನ್ನು ಕರೆದೊಯ್ದು ಒಮ್ಮೆ ಹತ್ತಿಸಿ ಇಳಿಸಿ ನೋಡಿರಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿ.ಎಸ್.ಟಿ. 28ರಿಂದ 18 ಪ್ರತಿಶತಕ್ಕೆ ಇಳಿದಿರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಿಕ್ಕ ಹಣ ಮಗಳ ಓದಿಗಾದೀತು.

ಕಡೆಯದಾಗಿ ಮೆರವಣಿಗೆಯ ವಿಷಯ. ಕೇಂದ್ರ ಸರಕಾರ 2021ರಲ್ಲಿ ಮಾಡಿದ ನಿಯಮದ ಪ್ರಕಾರ ಐವತ್ತು ವರ್ಷ ತುಂಬಿದ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ಗೌರವದ ನೋಂದಣಿ. ಜಾಗ್ವಾರ್ ಇ-ಟೈಪುಗಳಿಗೆ ಆ ವಯಸ್ಸು ಆಗಿಹೋಗಿದೆ. 1983ರ ಮಾರುತಿ ಅದಕ್ಕಾಗಿ 2033ರ ತನಕ ಉಸಿರು ಹಿಡಿದಿರಬೇಕು. ಸಾವಿರಗಟ್ಟಲೆ ಮಾರುತಿಗಳು ಅಷ್ಟರೊಳಗೆ ಕುರ್ಲಾದ ಗುಜರಿ ಸೇರಿರುತ್ತವೆ, ಹಲವು ಈಗಾಗಲೇ ಸೇರಿವೆ. ನಮ್ಮ ಸದಸ್ಯರಲ್ಲಿ ಯಾರ ಮನೆಯಲ್ಲಾದರೂ ಎಂಬತ್ತರ ದಶಕದ ಮಾರುತಿಯೊಂದು ಓಡುವ ಸ್ಥಿತಿಯಲ್ಲಿ ಉಳಿದಿದ್ದರೆ, ದಯವಿಟ್ಟು ಮಾರುವ ಮೊದಲು ಸಂಪಾದಕರಿಗೆ ಒಂದು ಕಾಗದ ಬರೆಯಿರಿ. ಬರುವ ರಾಜ್ಯೋತ್ಸವದಂದು ಅದನ್ನು ಸಂಘದ ಅಂಗಳದಲ್ಲಿ ನಿಲ್ಲಿಸೋಣ. ಹಿಂಬಾಗಿಲು ತೆರೆದಿರಲಿ, ಒಳಗೆ ಅಕ್ಕಿ ಮೂಟೆ, ಭರಣಿ, ಹಪ್ಪಳದ ಕಟ್ಟು ಇಡುವ ಜವಾಬ್ದಾರಿ ಮಹಿಳಾ ವಿಭಾಗದವರು ವಹಿಸಿಕೊಳ್ಳಲೆಂದು ವಿನಂತಿ.